ಸ್ಲೈಡಿನಿಂದ ಇಳಿದ ರಂಗೋಲಿ

ಪೀಣ್ಯ ಎರಡನೇ ಹಂತದ ನಮ್ಮ ಗಲ್ಲಿಯಲ್ಲಿ ರಂಗೋಲಿ ಹಾಕುವುದೆಂದರೆ ಗಡಿಯಾರದ ಜೊತೆ ಪಂದ್ಯ ಕಟ್ಟಿದ ಹಾಗೆ. ಆರಕ್ಕೆ ನೀರಿನ ಟ್ಯಾಂಕರ್ ಬರುತ್ತದೆ. ಏಳೂವರೆಗೆ ಗಾರ್ಮೆಂಟ್ಸ್ ಅಕ್ಕಂದಿರು ಊಟದ ಡಬ್ಬಿ ಹಿಡಿದು ಸಾಲಾಗಿ ನಡೆಯುತ್ತಾರೆ. ಎಂಟೂವರೆಯ ಶಿಫ್ಟಿಗೆ ಮಷೀನ್ ಶಾಪ್‌ಗಳ ಹುಡುಗರು ಓಡುತ್ತಾರೆ. ಅಷ್ಟು ಹೊತ್ತಿಗೆ ಕಬ್ಬಿಣದ ಸರಳು ಹೇರಿಕೊಂಡ ಮೊದಲ ಟೆಂಪೊ ಬಂದು ನಾವು ಹಾಕಿದ್ದನ್ನೆಲ್ಲ ಒರೆಸಿಕೊಂಡು ಹೋಗುತ್ತದೆ. ಅದಕ್ಕೇ ನಮ್ಮ ಅಮ್ಮನದು ಯಾವತ್ತೂ ಏಳು ಚುಕ್ಕಿಯ ರಂಗೋಲಿ. ಎರಡೇ ನಿಮಿಷದ ಕೆಲಸ.

2025ರ ಮಾರ್ಚ್ 24ರ ಸೋಮವಾರ ಮಾತ್ರ ನಾನು ಬೆಳಗಿನ ನಾಲ್ಕಕ್ಕೇ ಎದ್ದು ಆರಡಿ ಅಗಲದ ರಂಗೋಲಿ ಹಾಕಿದೆ. ಯುಗಾದಿಗೆ ಇನ್ನೂ ಆರು ದಿನವಿತ್ತು. "ಹಬ್ಬಕ್ಕೆ ಈಗಲೇ ಶುರು ಮಾಡಿದೀಯಲ್ಲವ್ವಾ, ಇದ್ಯಾವ ಹೂವು?" ಅಂತ ಎದುರು ಮನೆ ಅಜ್ಜಿ ಕೇಳಿದರು.

ಅದು ಹೂವಲ್ಲ. ಟಿಬಿ ಬಂದ ಶ್ವಾಸಕೋಶದ ಒಂದು ಚೂರು, ಸೂಕ್ಷ್ಮದರ್ಶಕದಲ್ಲಿ ಕಾಣುವ ಹಾಗೆ. ಆ ರಂಗೋಲಿ ಯಾಕೆ ಹಾಕಿದೆ ಅಂತ ಹೇಳಬೇಕಾದರೆ, ಅದಕ್ಕೂ ಒಂದು ವರ್ಷ ಮೊದಲು ನಾನು ಬರೆದ ಇನ್ನೊಂದು ಚಿತ್ರದ ಕಥೆ ಹೇಳಬೇಕು. ಅದು ನನಗೆ ಬಹುಮಾನ ತಂದ ಚಿತ್ರ. ನಮ್ಮ ಮನೆಗೆ ಮಾತ್ರ ಒಳ್ಳೆಯದು ಮಾಡಲಿಲ್ಲ.

ನೀಲಿ ಸೀರೆ ಮೇಲೆ ಕುಂಕುಮ

ನಾನು ಮೆಡಿಕಲ್ ಲ್ಯಾಬ್ ಟೆಕ್ನಾಲಜಿ ಓದುತ್ತಿರುವ ಹುಡುಗಿ. ಅಪ್ಪ ಟಾಟಾ ಏಸ್ ಓಡಿಸುತ್ತಾರೆ, ಅಮ್ಮ ಗಾರ್ಮೆಂಟ್ಸ್‌ನಲ್ಲಿ ಚೆಕ್ಕಿಂಗ್ ಕೆಲಸ. ಅಮ್ಮನ ತಮ್ಮ, ಅಂದರೆ ನನ್ನ ಸೋದರಮಾವ, ಕುಣಿಗಲ್ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಗೇ ಇದ್ದಾರೆ. ಇಲ್ಲೇ ಒಂದು ಮಷೀನ್ ಶಾಪ್‌ನಲ್ಲಿ ಟರ್ನರ್. ಒಂದು ಕೋಣೆ, ಒಂದು ಅಡುಗೆಮನೆ, ನಾಲ್ಕು ಜನ.

ಕಾಲೇಜಿನಲ್ಲಿ ಮೊದಲ ಸಲ ಟಿಬಿ ಸ್ಲೈಡ್ ನೋಡಿದ ದಿನ ಇನ್ನೂ ನೆನಪಿದೆ. ಕಫವನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ, ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಹಾಕಿ ಕೆಳಗಿನಿಂದ ಬಿಸಿ ಮಾಡಬೇಕು. ಆಮೇಲೆ ಆಮ್ಲ ಹಾಕಿ ತೊಳೆಯಬೇಕು. ಬೇರೆಲ್ಲವೂ ಬಣ್ಣ ಬಿಟ್ಟುಬಿಡುತ್ತವೆ. ಟಿಬಿ ಬ್ಯಾಕ್ಟೀರಿಯಾ ಮಾತ್ರ ಬಿಡುವುದಿಲ್ಲ, ಅದರ ಮೈಗೋಡೆ ಮೇಣದಂಥದ್ದು. ಕೊನೆಗೆ ಮೆಥಿಲೀನ್ ಬ್ಲೂ ಹಾಕಿದರೆ ಉಳಿದದ್ದೆಲ್ಲ ನೀಲಿ. ಒಂದು ಹನಿ ಎಣ್ಣೆ ಬಿಟ್ಟು ಸಾವಿರ ಪಟ್ಟು ದೊಡ್ಡದು ಮಾಡಿ ನೋಡಿದರೆ, ನೀಲಿ ಹಿನ್ನೆಲೆಯಲ್ಲಿ ಸಣ್ಣ ಸಣ್ಣ ಕೆಂಪು ಕಡ್ಡಿಗಳು! ನೀಲಿ ಸೀರೆ ಮೇಲೆ ಕುಂಕುಮ ಉದುರಿದ ಹಾಗೆ. ಚೆನ್ನಾಗಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅದು ಯಾರದೋ ಕಾಯಿಲೆ ತಾನೇ?

2024ರ ಮಾರ್ಚ್‌ನಲ್ಲಿ ವಿಶ್ವ ಕ್ಷಯರೋಗ ದಿನಕ್ಕೆ ಪೋಸ್ಟರ್ ಸ್ಪರ್ಧೆ ಅಂತ ನೋಟಿಸ್ ಬಂತು. ಚಿಕ್ಕಂದಿನಿಂದ ಚಿತ್ರ ಬರೆಯುವ ಹುಚ್ಚಿದ್ದ ನಾನು ಬಿಡುತ್ತೇನೆಯೇ? ಆ ಕೆಂಪು ಕಡ್ಡಿಗಳಿಗೆ ಕೋರೆಹಲ್ಲು ಬರೆದೆ, ಕಣ್ಣು ಬರೆದೆ, ನಾಲಿಗೆ ಚಾಚಿಸಿದೆ. ಕಪ್ಪಗಾದ ಶ್ವಾಸಕೋಶದ ಮೇಲೆ ಅವು ಕುಣಿಯುತ್ತಿದ್ದವು. ಕೆಳಗೆ ದಪ್ಪ ಅಕ್ಷರದಲ್ಲಿ 'ಕ್ಷಯ ಎಂಬ ರಾಕ್ಷಸ: ದೂರವಿರಿ, ಉಸಿರು ಉಳಿಸಿಕೊಳ್ಳಿ!' ಮೊದಲ ಬಹುಮಾನ ಬಂತು. ಖುಷಿಯಲ್ಲಿ ಅದನ್ನು ತಂದು ವಠಾರದ ಗೋಡೆಗೆ, ನಲ್ಲಿಯ ಪಕ್ಕದಲ್ಲೇ ಅಂಟಿಸಿದೆ. ನೀರು ಹಿಡಿಯಲು ಬಂದವರೆಲ್ಲ ನೋಡಲೇಬೇಕಿತ್ತು. ಎಲ್ಲರೂ ನೋಡಿದರು, ಮಾವನೂ ನೋಡಿದರು.

ಟೂಲ್ ಬ್ಯಾಗಿನಲ್ಲಿ ಸಿಕ್ಕ ಮಾತ್ರೆ

ಮೇ ತಿಂಗಳ ಒಂದು ಭಾನುವಾರ ಅಮ್ಮ ಮಾವನ ಯೂನಿಫಾರಂ ಒಗೆಯಲು ಟೂಲ್ ಬ್ಯಾಗ್ ಬಿಚ್ಚಿದರು. ಒಳಗೆ ಹತ್ತಿ ವೇಸ್ಟ್‌ನಲ್ಲಿ ಸುತ್ತಿಟ್ಟ ಮಾತ್ರೆಯ ಪಟ್ಟಿಗಳು. ಅಮ್ಮ ನನ್ನ ಕೈಗೆ ಕೊಟ್ಟು "ಇದೇನು ನೋಡು" ಅಂದರು. ಹೆಸರು ಓದಿದ ಕೂಡಲೇ ಗೊತ್ತಾಯಿತು. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್, ನಾಲ್ಕೂ ಒಂದೇ ಮಾತ್ರೆಯಲ್ಲಿ. ಟಿಬಿಯ ಮೊದಲ ಎರಡು ತಿಂಗಳ ಔಷಧ. ಐದು ದಿನದ್ದು ಮಾತ್ರ ಖಾಲಿಯಾಗಿತ್ತು.

ಮಾವನಿಗೆ ಕೆಮ್ಮು ಇದ್ದದ್ದು ನಮಗೆಲ್ಲ ಗೊತ್ತಿತ್ತು. ಕೂಲಂಟ್ ಎಣ್ಣೆಯ ಹೊಗೆ ಅಂತ ಅವರೇ ಹೇಳುತ್ತಿದ್ದರು, ನಾವೂ ನಂಬಿದ್ದೆವು. ತೂಕ ಇಳಿದದ್ದಕ್ಕೆ ನೈಟ್ ಶಿಫ್ಟ್ ಕಾರಣವಾಗಿತ್ತು. ಲ್ಯಾಬ್ ಟೆಕ್ನಾಲಜಿ ಓದುವ ಹುಡುಗಿ ಒಂದೇ ಕೋಣೆಯಲ್ಲಿ ಮಲಗಿ ಎರಡು ತಿಂಗಳ ಕೆಮ್ಮು ಕೇಳಿಸಿಕೊಂಡೂ ಒಂದು ಮಾತು ಕೇಳಲಿಲ್ಲ. ಗೋಡೆಗೆ ಮಾತ್ರ ಪೋಸ್ಟರ್ ಅಂಟಿಸಿದ್ದಳು.

ಅವರು ಒಬ್ಬರೇ ಹೋಗಿ ಪರೀಕ್ಷೆ ಮಾಡಿಸಿಕೊಂಡಿದ್ದರು, ಮಾತ್ರೆಯನ್ನೂ ತಂದಿದ್ದರು. ಮೊದಲ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ರಿಫಾಂಪಿಸಿನ್ ತೆಗೆದುಕೊಂಡರೆ ಎಲ್ಲರಿಗೂ ಹಾಗಾಗುತ್ತದೆ, ಬೆವರು ಕಣ್ಣೀರೂ ಬಣ್ಣವಾಗಬಹುದು. ಏನೂ ತೊಂದರೆ ಇಲ್ಲ. ಮಾತ್ರೆ ಕೊಡುವಾಗ ಅದನ್ನು ಹೇಳಿದ್ದಿರಬಹುದು, ಆ ಗಾಬರಿಯಲ್ಲಿ ಅವರ ಕಿವಿಗೆ ಬಿದ್ದಿರಲಿಲ್ಲ. ರಕ್ತ ಹೋಗುತ್ತಿದೆ ಅಂತ ಹೆದರಿ ಐದನೇ ದಿನಕ್ಕೆ ನಿಲ್ಲಿಸಿಬಿಟ್ಟಿದ್ದರು. ಆರೋಗ್ಯ ಕಾರ್ಯಕರ್ತೆ ಫೋನ್ ಮಾಡಿದರೆ "ಊರಿಗೆ ಬಂದಿದೀನಿ ಮೇಡಂ" ಅನ್ನುತ್ತಿದ್ದರಂತೆ.

"ಮನೇಲಿ ಓದಿರೋಳು ನಾನಿದ್ದೆನಲ್ಲ ಮಾವ, ಒಂದು ಮಾತು ಕೇಳಬಾರದಿತ್ತಾ?" ಅಂದೆ. ಜೋರಾಗಿಯೇ ಅಂದೆ.

ಮಾವ ಬಾಗಿಲ ಕಡೆ ನೋಡಿಕೊಂಡು ಹೇಳಿದರು. "ನೀನೇ ಬರ್ದಿದ್ಯಲ್ಲ ಕಣಮ್ಮಿ ಗೋಡೆ ಮ್ಯಾಲೆ. ರಾಕ್ಷಸ, ದೂರ ಇರಿ ಅಂತ. ಆ ರಾಕ್ಷಸನ್ನ ನಾನೇ ನಿಮ್ಮನೆ ಒಳಕ್ಕೆ ತಂದಿವ್ನಿ ಅಂತ ಹೆಂಗ್ ಹೇಳ್ಲಿ?"

ನನಗೆ ಉತ್ತರ ಇರಲಿಲ್ಲ. ಹೊರಗೆ ಹೋಗಿ ಪೋಸ್ಟರ್ ಕಿತ್ತೆ. ಗೋಂದು ಚೆನ್ನಾಗಿ ಹಿಡಿದಿತ್ತು. ರಾಕ್ಷಸನ ಅರ್ಧ ಮುಖ ಗೋಡೆಯಲ್ಲೇ ಉಳಿಯಿತು.

ಮಾರನೆಯ ದಿನ ಅಪ್ಪ ಬಾಡಿಗೆ ಬಿಟ್ಟು ಮಾವನನ್ನು ಕರೆದುಕೊಂಡು ಹೋದರು. ಮತ್ತೆ ಟ್ರೂನಾಟ್ ಪರೀಕ್ಷೆ ಆಯಿತು. ಔಷಧವನ್ನು ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದೇ ಹೋಗುವ ಅಪಾಯವಿದೆ. ರಿಫಾಂಪಿಸಿನ್‌ಗೆ ಬಗ್ಗುತ್ತದೋ ಇಲ್ಲವೋ ಅಂತಲೂ ಈ ಪರೀಕ್ಷೆ ಹೇಳುತ್ತದೆ. ಟ್ರೂನಾಟ್ ತಂತ್ರಜ್ಞಾನ ರೂಪುಗೊಂಡದ್ದು ನಮ್ಮ ಬೆಂಗಳೂರಿನದೇ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಅಂತ ನನಗೆ ಗೊತ್ತಾದದ್ದು ಆಮೇಲೆ. ಪುಣ್ಯಕ್ಕೆ ಮಾವನ ಟಿಬಿ ಔಷಧಕ್ಕೆ ಬಗ್ಗುವಂಥದ್ದೇ ಆಗಿತ್ತು. ನಮ್ಮೆಲ್ಲರಿಗೂ ಎಕ್ಸ್‌ರೇ ಆಯಿತು, ಮುಂಜಾಗ್ರತೆಯ ಮಾತ್ರೆ ಕೊಟ್ಟರು. ಮಾವ ಮತ್ತೆ ಮೊದಲ ದಿನದಿಂದ ಎಣಿಸಲು ಶುರು ಮಾಡಿದರು.

ಬಣ್ಣ ಯಾರದು?

ಮುಂದಿನ ಸೆಮಿಸ್ಟರ್‌ನಲ್ಲಿ ಅಂಗಾಂಶಗಳ ಸ್ಲೈಡ್ ನೋಡುವ ಪಾಠ. ಒಂದು ದಿನ ಮೇಡಂ "ಇದು ಏನು ಹೇಳಿ" ಅಂತ ಒಂದು ಸ್ಲೈಡ್ ಇಟ್ಟರು. ಗುಲಾಬಿ, ನೇರಳೆ ಬಣ್ಣ. ನಡುವೆ ಏನೂ ಇಲ್ಲದ ತಿಳಿ ಗುಲಾಬಿ ವೃತ್ತ. ಅದರ ಸುತ್ತ ಉದ್ದುದ್ದ ಕೋಶಗಳು. ಅಲ್ಲಲ್ಲಿ ಒಂದೊಂದು ದೈತ್ಯ ಕೋಶ, ಅದರ ಅಂಚಿನಲ್ಲಿ ಲಾಳದ ಆಕಾರಕ್ಕೆ ಜೋಡಿಸಿಟ್ಟ ಹತ್ತಾರು ಚುಕ್ಕಿ. ಎಲ್ಲಕ್ಕೂ ಹೊರಗೆ ಸಾಸಿವೆ ಚೆಲ್ಲಿದಂತೆ ನೀಲಿ ಚುಕ್ಕಿಗಳ ಬೇಲಿ.

"ರಂಗೋಲಿ ಮೇಡಂ" ಅಂತ ಬಾಯಿ ತಪ್ಪಿ ಅಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ. "ಗ್ರಾನ್ಯುಲೋಮಾ. ಟಿಬಿ ಬ್ಯಾಕ್ಟೀರಿಯಾವನ್ನು ಕೊಲ್ಲಲು ಆಗದಿದ್ದಾಗ ನಮ್ಮ ದೇಹ ಅದರ ಸುತ್ತ ಕಟ್ಟುವ ಕೋಟೆ" ಅಂದರು. ಆ ಲಾಳದ ಚುಕ್ಕಿಗಳ ಕೋಶಕ್ಕೆ ಲ್ಯಾಂಗ್‌ಹಾನ್ಸ್ ದೈತ್ಯ ಕೋಶ ಅಂತ ಹೆಸರು. 1868ರಲ್ಲೇ ಅದನ್ನು ವಿವರಿಸಿದ ಥಿಯೊಡೋರ್ ಲ್ಯಾಂಗ್‌ಹಾನ್ಸ್ ನೆನಪಿಗೆ. ಕಾವಲು ಕೋಶಗಳು ಒಂದಕ್ಕೊಂದು ಬೆಸೆದುಕೊಂಡು ಒಂದೇ ದೊಡ್ಡ ಕೋಶವಾಗುತ್ತವೆ. ಹೊರಗಿನ ನೀಲಿ ಚುಕ್ಕಿಗಳು ಲಿಂಫೋಸೈಟ್‌ಗಳು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅದೇ ಕಾಯಿಲೆ, ಅದೇ ಸೂಕ್ಷ್ಮದರ್ಶಕ. ಒಂದು ಸ್ಲೈಡಿನಲ್ಲಿ ನಾನು ರಾಕ್ಷಸನನ್ನು ಕಂಡಿದ್ದೆ, ಇನ್ನೊಂದರಲ್ಲಿ ದೇಹ ಸುಮ್ಮನೆ ಕೂತಿಲ್ಲ, ಕಲ್ಲು ಹೊತ್ತು ಗೋಡೆ ಕಟ್ಟುತ್ತಿದೆ. ಮಾವನ ಎದೆಯೊಳಗೂ ಇಂಥ ಗೋಡೆ ಎದ್ದಿರಬೇಕು. ಆ ಗೋಡೆಗೆ ಬೇಕಿದ್ದದ್ದು ಮಾತ್ರೆಯ ಸಹಾಯ, ನಾನು ಕೊಟ್ಟದ್ದು ಹೆದರಿಕೆ.

ಓದುತ್ತಾ ಹೋದಂತೆ ಇನ್ನೊಂದು ವಿಷಯ ತಿಳಿಯಿತು. ಈ ಚಿತ್ರಗಳ ಬಣ್ಣ ರೋಗದ್ದಲ್ಲ, ನಾವು ಹಾಕಿದ್ದು. ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಟಿಬಿ ಬ್ಯಾಕ್ಟೀರಿಯಾ ಕಂಡುಹಿಡಿದದ್ದನ್ನು ಪ್ರಕಟಿಸಿದರು. ಆ ದಿನವೇ ಇವತ್ತಿಗೂ ಕ್ಷಯರೋಗ ದಿನ. ಅವತ್ತು ಅವರ ಸ್ಲೈಡುಗಳಲ್ಲಿ ಆ ಕಡ್ಡಿಗಳು ಕಂದು ಹಿನ್ನೆಲೆಯಲ್ಲಿ ನೀಲಿಯಾಗಿದ್ದವು. ಆಮೇಲೆ ಎರ್ಲಿಖ್, ಜೀಲ್, ನೀಲ್ಸನ್ ಬಣ್ಣ ಹಾಕುವ ವಿಧಾನ ಬದಲಿಸಿದ ಮೇಲೆ ಕೆಂಪಾದವು. ಕೊರೊನಾ ನೆನಪಿಸಿಕೊಳ್ಳಿ. ಬೂದು ಚೆಂಡು, ಅದರ ಮೇಲೆ ಕೆಂಪು ಮುಳ್ಳು ಅಂದರೆ ಮಕ್ಕಳೂ ಗುರುತಿಸುತ್ತಾರೆ. ಅದು ಅಮೆರಿಕದ ರೋಗ ನಿಯಂತ್ರಣ ಕೇಂದ್ರಕ್ಕಾಗಿ ಅಲಿಸ್ಸಾ ಎಕರ್ಟ್ ಮತ್ತು ಡ್ಯಾನ್ ಹಿಗ್ಗಿನ್ಸ್ ಎಂಬ ಇಬ್ಬರು ಚಿತ್ರಕಾರರು 2020ರ ಜನವರಿಯಲ್ಲಿ ಮಾಡಿದ ಚಿತ್ರ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್‌ಗೆ ಬಣ್ಣವೇ ಇಲ್ಲ, ಬರೀ ಕಪ್ಪು ಬಿಳುಪು. ಆ ಕೆಂಪು ಅವರ ಆಯ್ಕೆ. ಅದೇ ಚಿತ್ರ ಎರಡೇ ತಿಂಗಳಲ್ಲಿ ಚೆನ್ನೈ ಪೊಲೀಸರ ಹೆಲ್ಮೆಟ್ ಮೇಲೆ ಮುಳ್ಳಾಗಿ ಎದ್ದು ನಿಂತಿತ್ತು.

ಕೆಂಪು ಅವರ ಆಯ್ಕೆಯಾದರೆ, ಕೋರೆಹಲ್ಲು ನನ್ನ ಆಯ್ಕೆಯಾಗಿತ್ತು. ಸ್ಲೈಡಿನಲ್ಲಿ ಹಲ್ಲು ಇರಲೇ ಇಲ್ಲ.

ಅಜ್ಜಿಯ ಜಿಲ್ಲೆಯಿಂದ ಬಂದ ಪಾಠ

ಜನರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಹೆದರಿಸಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಬಳ್ಳಾರಿ ರಸ್ತೆಯಲ್ಲಿ 1959ರಿಂದ ಇರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ನಂಬಿಕೆಯನ್ನು ಅರವತ್ತು ವರ್ಷದ ಹಿಂದೆಯೇ ಪರೀಕ್ಷೆ ಮಾಡಿ ನೋಡಿತ್ತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳ ಟಿಬಿ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಬರೆದ ವರದಿ ಪ್ರಸಿದ್ಧ. ಬಹುತೇಕ ರೋಗಿಗಳಿಗೆ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು. ಆದರೆ ಅಂಥ ಎಷ್ಟೋ ಮಂದಿಯನ್ನು ಕೆಮ್ಮಿನ ಔಷಧದ ಬಾಟಲಿ ಕೊಟ್ಟು ವಾಪಸ್ ಕಳಿಸಲಾಗಿತ್ತು. ಅಂದರೆ ಜನ ದಡ್ಡರಾಗಿರಲಿಲ್ಲ. ಅವರು ಬಂದು ಬಾಗಿಲು ಬಡಿದಾಗ ಬಾಗಿಲು ತೆರೆಯಬೇಕಿತ್ತು, ಅಷ್ಟೇ.

ಮಾವನೂ ಹಾಗೆಯೇ ತಾನೇ? ತಾವೇ ಹೋಗಿ ಪರೀಕ್ಷೆ ಮಾಡಿಸಿಕೊಂಡಿದ್ದರು. ಕಾಯಿಲೆಯ ಬಗ್ಗೆ ಭಯ ಅವರಲ್ಲಿ ಬೇಕಾದಷ್ಟಿತ್ತು. ಮನೆಯವರ ಹತ್ತಿರ ಹೇಳಿಕೊಳ್ಳುವ ಧೈರ್ಯ ಇರಲಿಲ್ಲ.

ಇಂಥ ಕೆಲಸ ಮಾಡಿದ ಕಲಾವಿದರು ಇದ್ದಾರಾ ಅಂತ ಹುಡುಕಿದೆ. ಬ್ರಿಟನ್ನಿನ ಆನಾ ಡುಮಿಟ್ರಿಯು ಎಂಬ ಕಲಾವಿದೆ 2014ರಲ್ಲಿ ಲಂಡನ್ನಿನಲ್ಲಿ ಬರೀ ಟಿಬಿಯ ಬಗ್ಗೆಯೇ ಪ್ರದರ್ಶನ ಮಾಡಿದ್ದರು. ಉಣ್ಣೆ ಮತ್ತು ಮನೆಯ ಧೂಳಿನಿಂದ ಪುಟ್ಟ ಪುಟ್ಟ ಶ್ವಾಸಕೋಶಗಳನ್ನು ಮಾಡಿ, ಕೊಂದ ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಅದರಲ್ಲಿ ಸೇರಿಸಿದ್ದರು. ನಮ್ಮ ಸೈನ್ಸ್ ಗ್ಯಾಲರಿ ಬೆಂಗಳೂರು ಕೂಡ 2021ರಲ್ಲಿ, ಕೊರೊನಾ ನಡುವೆಯೇ, 'ಕಂಟೇಜನ್' ಎಂಬ ಪ್ರದರ್ಶನವನ್ನು ಆನ್‌ಲೈನ್‌ನಲ್ಲಿ ನಡೆಸಿತ್ತು. ಪೀಣ್ಯದಿಂದ ಗ್ಯಾಲರಿಗೆ ಹೋಗುವವರು ಎಷ್ಟು ಜನ? ಇಲ್ಲಿ ಎಲ್ಲರೂ ನೋಡುವ ಗ್ಯಾಲರಿ ಒಂದೇ, ಬಾಗಿಲ ಮುಂದಿನ ನೆಲ.

ಸೆಂಟರ್ ತಪ್ಪಿದರೆ ಜಾಬ್ ರಿಜೆಕ್ಟ್

ಮಾವನ ಚಿಕಿತ್ಸೆ ನವೆಂಬರ್‌ನಲ್ಲಿ ಮುಗಿಯಿತು. ಆ ಆರು ತಿಂಗಳು ಅಮ್ಮ ದಿನಾ ಬೆಳಿಗ್ಗೆ ಮಾತ್ರೆ ಎಣಿಸಿ ಕೊಡುತ್ತಿದ್ದರು. ಟಿಬಿ ರೋಗಿಗಳ ಊಟಕ್ಕೆ ಅಂತ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ನಮ್ಮನೆಯಲ್ಲಿ ಅದು ಮೊಟ್ಟೆಯಾಗಿ, ಕಡಲೆಬೀಜವಾಗಿ ಬರುತ್ತಿತ್ತು. ಇಳಿದ ತೂಕ ವಾಪಸ್ ಬಂತು. ಯೂನಿಫಾರಂ ಮತ್ತೆ ಬಿಗಿಯಾಯಿತು.

ಮಾರ್ಚ್ ಬರುತ್ತಿದ್ದಂತೆ ಹೆದರುತ್ತಲೇ ಕೇಳಿದೆ. "ಮಾವ, ಈ ಸಲ ರಂಗೋಲಿ ಹಾಕ್ಲಾ? ನಿಮಗೆ ಬೇಜಾರಾದ್ರೆ ಬೇಡ." ಕಾಗದದ ಮೇಲೆ ಬರೆದ ನಕ್ಷೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಸೆಂಟರ್ ಎಲ್ಲೈತೆ?" ಅಂದರು.

ನಕ್ಷೆಯನ್ನು ಮೇಡಂಗೂ ತೋರಿಸಿದ್ದೆ. ಅವರು ಎರಡು ತಪ್ಪು ಹಿಡಿದರು. ದೈತ್ಯ ಕೋಶದ ಚುಕ್ಕಿಗಳನ್ನು ನಾನು ಹೂವಿನ ಹಾಗೆ ನಡುವೆ ಇಟ್ಟಿದ್ದೆ, ಅವು ಅಂಚಿಗೆ ಹೋಗಬೇಕು. ಕೆಂಪು ಕಡ್ಡಿಗಳನ್ನು ತುಂಬಾ ಹಾಕಿದ್ದೆ. "ಇಂಥ ಕೋಟೆಯೊಳಗೆ ಬ್ಯಾಕ್ಟೀರಿಯಾ ಹುಡುಕಿದರೂ ಸಿಗದಷ್ಟು ಕಡಿಮೆ ಇರುತ್ತವೆ. ಚೆಂದಕ್ಕೆ ಅಂತ ಸುಳ್ಳು ಬರೀಬೇಡ" ಅಂದರು. ಮೂರೇ ಮೂರು ಕಡ್ಡಿ ಉಳಿಸಿದೆ. ಇನ್ನೊಂದು ಮಾತನ್ನೂ ಸೇರಿಸಿದರು. ಕೋಟೆ ಕಟ್ಟಿದ್ದು ಗುಣವಾದ ಹಾಗಲ್ಲ. ಒಳಗೆ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಮಲಗಿರಬಹುದು. ಜಗತ್ತಿನ ಸುಮಾರು ಕಾಲು ಭಾಗ ಜನರ ಮೈಯಲ್ಲಿ ಅದು ಸೇರಿದೆ ಅಂತ ಅಂದಾಜು, ಅವರಲ್ಲಿ 5ರಿಂದ 10 ಶೇಕಡಾ ಮಂದಿಗೆ ಮಾತ್ರ ಜೀವನದಲ್ಲಿ ಯಾವಾಗಲಾದರೂ ಕಾಯಿಲೆಯಾಗುತ್ತದೆ. ಹೊಟ್ಟೆಗಿಲ್ಲದಿದ್ದಾಗ, ಸಕ್ಕರೆ ಕಾಯಿಲೆ ಬಂದಾಗ, ಕಲ್ಲು ಮರಳಿನ ಧೂಳು ಕುಡಿದಾಗ ಗೋಡೆ ಬಿರುಕು ಬಿಡುವ ಅಪಾಯ ಹೆಚ್ಚು.

ನಾಲ್ಕು ಗಂಟೆಗೆ ಬೀದಿ ದೀಪದ ಬೆಳಕಲ್ಲಿ ಶುರು ಮಾಡಿದೆವು. ಅಮ್ಮ ನೀರು ಹಾಕಿ ಗುಡಿಸಿದರು. ಮಾವ ಮೊಳೆಗೆ ದಾರ ಕಟ್ಟಿ ಸೀಮೆಸುಣ್ಣದಲ್ಲಿ ವೃತ್ತ ಎಳೆದರು. ಒಂದರೊಳಗೊಂದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಸೆಂಟರ್ ತಪ್ಪಿದ್ರೆ ಜಾಬ್ ರಿಜೆಕ್ಟ್ ಕಣಮ್ಮಿ" ಅಂದರು. ನಡುವೆ ಬಿಳಿ ಪುಡಿಗೆ ಚೂರು ಗುಲಾಬಿ ಬೆರೆಸಿ ತುಂಬಿದೆ. ಸುತ್ತ ಉದ್ದನೆಯ ಎಸಳುಗಳು. ಐದು ದೈತ್ಯ ಕೋಶ, ಒಂದೊಂದರ ಅಂಚಿಗೂ ಲಾಳದಂತೆ ನೇರಳೆ ಚುಕ್ಕಿ. ಹೊರಗೆ ನೀಲಿ ಚುಕ್ಕಿಗಳ ಸಾಲು. ನಾನು ನಾಲ್ಕು ಸಾಲು ಅಂದುಕೊಂಡಿದ್ದೆ. ಮಾವ ಆರು ಬೇಕು ಅಂದರು. "ಆರು ತಿಂಗ್ಳು ಅಲ್ವಾ?"

ಅದು ಸ್ಲೈಡಿನಲ್ಲಿ ಇರಲಿಲ್ಲ, ಮಾವನ ಅನುಭವದಲ್ಲಿತ್ತು. ಆರು ಹಾಕಿದೆವು.

ಕೆಳಗೆ ಒಂದು ಕಿತ್ತಳೆ ಬಣ್ಣದ ಹನಿ. ಅದರ ಪಕ್ಕ ನಾನೇ ಬರೆದದ್ದು ಇಷ್ಟು: 'ಎರಡು ವಾರ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಮಾತ್ರೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಾತ್ರೆ ಶುರುವಾದ ಮೇಲೆ ಮೂತ್ರ ಈ ಬಣ್ಣ ಬಂದರೆ ಹೆದರಬೇಡಿ, ನಿಲ್ಲಿಸಬೇಡಿ.' ದೂರವಿರಿ ಎಂಬ ಪದ ಎಲ್ಲೂ ಇರಲಿಲ್ಲ.

ಟೆಂಪೊ ಬರುವ ತನಕ

ಏಳೂವರೆಗೆ ಅಕ್ಕಂದಿರ ಸಾಲು ನಿಂತಿತು. ಕೆಲವರು ಫೋಟೊ ತೆಗೆದರು, ಕೆಲವರು ರಂಗೋಲಿ ಬಳಸಿಕೊಂಡು ಹೋದರು. "ಇದು ಏನು?" ಅಂತ ಕೇಳಿದವರಿಗೆಲ್ಲ ನಾನು ಲಿಂಫೋಸೈಟು, ದೈತ್ಯ ಕೋಶ ಅಂತ ಶುರು ಮಾಡುತ್ತಿದ್ದೆ. ಅವರ ಕಣ್ಣು ಬಸ್ಸಿನ ಕಡೆಗೆ ಹೋಗುತ್ತಿತ್ತು. ಆಗ ಪಕ್ಕದಲ್ಲಿ ನಿಂತಿದ್ದ ಮಾವ ಬಾಯಿ ಬಿಟ್ಟರು.

"ಟಿಬಿ ಬಂದ್ರೆ ಎದೆ ಒಳಗೆ ಹಿಂಗಿರ್ತದಂತೆ. ನಂಗೆ ಬಂದಿತ್ತು. ಆರು ತಿಂಗ್ಳು ಮಾತ್ರೆ ತಿಂದೆ, ವಾಸಿಯಾಯ್ತು."

ನನ್ನ ಇಡೀ ರಂಗೋಲಿ ಹೇಳದಿದ್ದನ್ನು ಆ ಮಾತು ಹೇಳಿತು. ಯಾರೂ ಹಿಂದೆ ಸರಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಒಬ್ಬರು ಸೆರಗು ಮೂಗಿಗೆ ಹಿಡಿದರು. ಮಾವನೂ ನೋಡಿದರು, ಆದರೂ ಒಳಗೆ ಹೋಗಲಿಲ್ಲ. ಸರಿಯಾದ ಔಷಧ ಶುರುವಾದ ಕೆಲವು ವಾರಗಳಲ್ಲೇ ಇನ್ನೊಬ್ಬರಿಗೆ ಹರಡುವುದು ಬಹಳ ಕಡಿಮೆಯಾಗುತ್ತದೆ ಅಂತ ನಾನು ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ.

ಎಂಟು ದಾಟಿದ ಮೇಲೆ ಒಡಿಶಾದ ಹುಡುಗನೊಬ್ಬ ಬಂದ. ಎರಕದ ಕಾರ್ಖಾನೆಯ ಕೆಲಸ ಅಂತ ಬಟ್ಟೆ ನೋಡಿದರೇ ಗೊತ್ತಾಗುತ್ತಿತ್ತು. ಕನ್ನಡ ಓದಲು ಬರುತ್ತಿರಲಿಲ್ಲ. ಕಿತ್ತಳೆ ಹನಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅದನ್ನೇ ಬೆರಳು ಮಾಡಿ ತೋರಿಸಿ ಹಿಂದಿಯಲ್ಲಿ ಇದೇನು ಅಂತ ಮಾವನನ್ನು ಕೇಳಿದ. ಮಾವನ ಹಿಂದಿ ಶಾಪ್ ಫ್ಲೋರ್ ಹಿಂದಿ, ಅರ್ಧ ಕೈಸನ್ನೆ. ಇಬ್ಬರೂ ಗಲ್ಲಿಯ ಮೂಲೆಗೆ ಹೋಗಿ ಮಾತಾಡಿದರು. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ. ಹುಡುಗ ಮಾವನ ನಂಬರ್ ತೆಗೆದುಕೊಂಡು ಹೋದ. ಮುಂದಿನ ಶನಿವಾರ ಮಾವ ಅರ್ಧ ದಿನ ರಜೆ ಹಾಕಿದರು. "ಒಬ್ಬನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು" ಅಂದರು, ಅಷ್ಟೇ.

ಒಂಬತ್ತಕ್ಕೆ ಟೆಂಪೊ ಬಂತು. ಚಾಲಕ ಪಾಪ ಬ್ರೇಕ್ ಹಾಕಿ, ಅಕ್ಕಪಕ್ಕ ಜಾಗ ಇದೆಯಾ ಅಂತ ನೋಡಿದ. ಇರಲಿಲ್ಲ. ಮಾವನೇ ಕೈ ಬೀಸಿ "ಹೋಗ್ಲಿ ಬಾರಣ್ಣ, ಕೆಲ್ಸ ಆಯ್ತು" ಅಂದರು. ಆರೂ ಸಾಲು ನೀಲಿ ಚುಕ್ಕಿಗಳು ಟೈರಿಗೆ ಹತ್ತಿಕೊಂಡು ಜಾಲಹಳ್ಳಿ ಕ್ರಾಸ್ ಕಡೆಗೆ ಹೊರಟವು.

ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಒಂದು ರಂಗೋಲಿಯಿಂದ ಅದೇನೂ ಬದಲಾಗುವುದಿಲ್ಲ, ನನಗೆ ಗೊತ್ತು. ಮುಂದಿನ ವರ್ಷ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದರೆ ದಿನಕ್ಕೆ ಎಷ್ಟೋ ಸ್ಲೈಡು ನೋಡಬೇಕು. ಪ್ರತಿ ನೀಲಿ ಹಿನ್ನೆಲೆಯ ಹಿಂದೆ ಟೂಲ್ ಬ್ಯಾಗಿನಲ್ಲಿ ಮಾತ್ರೆ ಬಚ್ಚಿಡುವ ಒಬ್ಬರು ಇರಬಹುದು ಅನ್ನುವುದನ್ನು ಮರೆಯಬಾರದು ಅಂದುಕೊಂಡಿದ್ದೇನೆ.

ವಠಾರದ ಗೋಡೆಯ ಮೇಲೆ ಹಳೆಯ ಪೋಸ್ಟರಿನ ಅರ್ಧ ಮುಖ ಇನ್ನೂ ಇತ್ತು. ಯುಗಾದಿಗೆ ಸುಣ್ಣ ಬಳಿಯುವಾಗ ಮಾವನೇ ಅದರ ಮೇಲೆ ಎರಡು ಕೋಟ್ ಹೊಡೆದರು.